ಶಾಂಭವಿ ಅಳಿಸದ ಉಬ್ಬು

ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿ ಗಣೇಶ್ ಪ್ರಸಾದರದು ಒಂದು ವರ್ಕ್‌ಶಾಪು. ಹೊರಗಿನಿಂದ ನೋಡಿದರೆ ಬರೀ ತಗಡಿನ ಶೆಡ್ಡು, ಮುಂದೊಂದು ಹೊಂಗೆ ಮರ, ಮರದ ನೆರಳಿಗೆ ನಿಲ್ಲಿಸಿದ ಅವರ ಹಳೇ ಕಾರು. ಒಳಗೆ ನಾಲ್ಕು ಲೇತು, ಎರಡು ಮಿಲ್ಲಿಂಗ್ ಮಿಷನ್ನು, ಮೂಲೆಯಲ್ಲಿ ಗಾಜಿನ ಬಾಗಿಲಿನ ಒಂದು ಪುಟ್ಟ ಕೋಣೆ. ಆ ಕೋಣೆಯಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರಿನ ಮುಂದೆ ಕೂತಿರುವವಳು ಶಾಂಭವಿ. ಅಲ್ಲಿ ತಯಾರಾಗುವ ಒಂದು ಸಣ್ಣ ಬುಷ್ಷಾದರೂ ಸರಿ, ಅದರ ನಕ್ಷೆ ಅವಳ ಕೈ ದಾಟಿಯೇ ಲೇತಿಗೆ ಹೋಗಬೇಕು.

ಮಂಚೇನಹಳ್ಳಿಯಿಂದ ದಿನಾ ಎಂಟೂಕಾಲರ ಬಸ್ಸಿಗೆ ಬರುತ್ತಾಳೆ. ಕಂಡಕ್ಟರುಗಳಿಗೆಲ್ಲ ಅವಳು ‘ಡ್ರಾಯಿಂಗ್ ಮೇಡಂ’. ಅವಳನ್ನು ಇಸ್ಕೂಲಿನ ಚಿತ್ರಕಲೆ ಟೀಚರೆಂದೇ ತಿಳಿದ ಒಬ್ಬ ಕಂಡಕ್ಟರು ಒಮ್ಮೆ ಮಗಳ ಪುಸ್ತಕ ತಂದು, ‘ಮೇಡಂ, ಒಂದು ನವಿಲು ಬರ್ದು ಕೊಡಿ’ ಅಂದಿದ್ದ. ಶಾಂಭವಿ ಇಲ್ಲವೆನ್ನಲಿಲ್ಲ. ಕೈವಾರ ಹಿಡಿದು, ಸ್ಕೇಲು ಹಿಡಿದು, ಮೂರು ದಿನ ಬಸ್ಸಿನಲ್ಲೇ ಕೂತು ಬರೆದುಕೊಟ್ಟಳು. ಗರಿಗಳೆಲ್ಲ ಒಂದೇ ಅಳತೆಯವಾಗಿದ್ದ ಆ ನವಿಲಿಗೆ ಹತ್ತಕ್ಕೆ ಆರು ಅಂಕ ಬಂತಂತೆ. ಆರು ಯಾಕೆ ಕಳೆಯಿತು, ಅಲ್ಲ, ನಾಲ್ಕು ಯಾಕೆ ಕಳೆಯಿತು ಎಂಬುದು ಅವಳಿಗೆ ಈಗಲೂ ಅರ್ಥವಾಗಿಲ್ಲ.

ಅವಳ ತಂದೆ ದಕ್ಷಿಣಾಮೂರ್ತಿಗಳು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮಗಳು ಬಿ.ಎಡ್ ಮಾಡಲಿ ಎಂದಿದ್ದರು. ಮಗಳು ಐಟಿಐ ಸೇರಿ ಡ್ರಾಫ್ಟ್ಸ್‌ಮನ್ ಕೋರ್ಸು ಹಿಡಿದಳು; ಇಪ್ಪತ್ತೆರಡು ಹುಡುಗರ ನಡುವೆ ಒಬ್ಬಳೇ ಹುಡುಗಿ. ಆಗಿನ್ನೂ ಟ್ರೇಸಿಂಗ್ ಕಾಗದದ ಮೇಲೆ ಇಂಕಿನಲ್ಲಿ ಬರೆಯುವುದನ್ನೂ ಕಲಿಸುತ್ತಿದ್ದರು. ತಪ್ಪು ಗೆರೆಯನ್ನು ಅಳಿಸಬೇಕಾದರೆ ಬ್ಲೇಡಿನಿಂದ ಹಗುರಾಗಿ ಕೆರೆಯಬೇಕು. ಸರಿಯಾದ ಗೆರೆಯನ್ನು ಕೆರೆದರೆ ಕಾಗದ ತೂತು, ವಾರದ ಕೆಲಸ ನೀರುಪಾಲು. ಹಾಗಾಗಿ ಅಳಿಸುವ ಮುಂಚೆ ಒಂದು ಗಳಿಗೆ ಕೈ ತಡೆಯುವುದು ಅವಳಿಗೆ ಅಲ್ಲಿಂದಲೇ ಬಂದ ಅಭ್ಯಾಸ.

ಆದರೂ ಒಮ್ಮೆ ಕೈ ಜಾರಿತ್ತು. ಒಂಬತ್ತು ವರ್ಷದ ಹಿಂದಿನ ಮಾತು. ಹೊರಗಿನ ಒಂದು ಕಂಪನಿಯಿಂದ ಒಂದು ಭಾಗದ ಫೈಲು ಬಂದಿತ್ತು. ಬೇರೆಯವರ ಸಾಫ್ಟ್‌ವೇರಿನಲ್ಲಿ ಮಾಡಿದ ಫೈಲು ನಮ್ಮ ಸಾಫ್ಟ್‌ವೇರಿಗೆ ಬರುವಾಗ ದಾರಿಯಲ್ಲಿ ಏನೇನೋ ಅಂಟಿಸಿಕೊಂಡು ಬರುತ್ತದೆ: ಎಲ್ಲೋ ಒಂದು ಚೂರು ಗೆರೆ, ಎಲ್ಲೋ ಮುಚ್ಚದ ಸಂದು, ಅರ್ಥವಿಲ್ಲದ ಚುಕ್ಕೆ. ಅಂಥ ಕಸದ ಜೊತೆ ಒಂದು ಮಿಲಿಮೀಟರಿನ ಒಂದು ತೂತನ್ನೂ ಶಾಂಭವಿ ಗುಡಿಸಿಹಾಕಿದಳು. ಅದು ಎಣ್ಣೆ ಹೋಗುವ ತೂತು. ತಯಾರಾದ ನಲವತ್ತು ಪೀಸುಗಳೂ ಗುಜರಿಗೆ ಹೋದವು.

ಆವತ್ತು ಅವಳಿಗೆ ಹೆಚ್ಚು ಉರಿದದ್ದು ನಕ್ಷೆಯ ಕೆಳಗಿನ ಮೂರು ಮನೆಗಳನ್ನು ನೋಡಿ. ಪ್ರತಿ ನಕ್ಷೆಯ ಬಲಮೂಲೆಯಲ್ಲಿ ಮೂರು ಮನೆ ಇರುತ್ತವೆ: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಮೊದಲನೆಯದರಲ್ಲಿ ಶಾಂಭವಿಯ ಸಹಿ. ಮಿಕ್ಕ ಎರಡರಲ್ಲೂ ಸುಧೀಂದ್ರ ಅವರದು. ಅವರು ಬೆಂಗಳೂರಿನ ರಿಟೈರ್ಡ್ ಇಂಜಿನಿಯರು. ತಿಂಗಳಿಗೆ ಎರಡು ಸಲ ಬಂದು, ಕಾಫಿ ಕುಡಿದು, ಕಟ್ಟುಗಟ್ಟಲೆ ನಕ್ಷೆಗಳಿಗೆ ಟಪಟಪ ಸಹಿ ಹಾಕಿ ಹೋಗುತ್ತಿದ್ದರು. ಒಳ್ಳೆಯ ಮನುಷ್ಯರೇ, ಆದರೆ ಒಂದು ಫೈಲನ್ನಾದರೂ ತೆರೆದು ನೋಡಿದವರಲ್ಲ. ಭಾಗ ಸರಿಯಾಗಿ ಕೂತರೆ ‘ಸುಧೀಂದ್ರ ಸಾರ್ ಒಪ್ಪಿದ್ದು’, ಕೂರದಿದ್ದರೆ ‘ಶಾಂಭವಿ ಬರ್ದಿದ್ದು’. ಇದ್ಯಾವ ನ್ಯಾಯ ಎಂದು ಅವಳು ಕೇಳಲಿಲ್ಲ. ಕೇಳದೆ ಹೊಟ್ಟೆಯಲ್ಲಿಟ್ಟುಕೊಂಡಳು, ಮತ್ತು ಇನ್ನೂರು ಪುಟದ ಒಂದು ನೋಟ್‌ಬುಕ್ಕು ತಂದಳು.

ಆ ನೋಟ್‌ಬುಕ್ಕಿನಲ್ಲಿ ಹೊರಗಿನಿಂದ ಬಂದ ಫೈಲನ್ನು ಹೇಗೆ ನೋಡಿಕೊಳ್ಳಬೇಕು ಅಂತ ಅವಳೇ ಬರೆದುಕೊಂಡ ಮಾತುಗಳಿವೆ. ಬಂದ ಫೈಲು ಮನೆಗೆ ಬಂದ ನೆಂಟರ ಹಾಗೆ ಎನ್ನುವುದು ಅವಳ ಲೆಕ್ಕ. ಮೊದಲು ಎಲ್ಲಿಂದ ಬಂದಿರಿ, ಹೇಗೆ ಬಂದಿರಿ ಅಂತ ವಿಚಾರಿಸಬೇಕು. ಬಂದ ಗಳಿಗೆಗೇ ಅವರ ಚೀಲಕ್ಕೆ ಕೈ ಹಾಕಬಾರದು. ಮೂಲ ಫೈಲನ್ನು ಬೀಗ ಹಾಕಿ ಇಡು, ಕೆಲಸ ಮಾಡುವುದೇನಿದ್ದರೂ ನಕಲಿನ ಮೇಲೆ. ನಿನಗೆ ಗ್ಯಾರಂಟಿ ಗೊತ್ತಿರುವ ಒಂದು ಅಳತೆಯನ್ನು ಮೊದಲು ಹಿಡಿದು ನೋಡು, ಮಿಲಿಮೀಟರೋ ಇಂಚೋ ಅಲ್ಲೇ ಬಯಲಾಗುತ್ತದೆ. ಹೀಗೆ ಪುಟ ತುಂಬ ಇದೆ. ಎಲ್ಲಕ್ಕಿಂತ ಮೇಲೆ, ಮೊದಲ ಪುಟದ ಮೊದಲ ಸಾಲಿನಲ್ಲಿ, ಕೆಂಪು ಇಂಕಿನಲ್ಲಿ ಬರೆದಿರುವುದು: ‘ಏನು ಅಂತ ಗೊತ್ತಾಗುವ ತನಕ ಅಳಿಸಬೇಡ.’

ಹೋದ ವರ್ಷ ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಗಣೇಶ್ ಪ್ರಸಾದರು ಗಾಜಿನ ಬಾಗಿಲು ತಳ್ಳಿಕೊಂಡು ಬಂದರು. ಕುರ್ಚಿ ಎಳೆದು ಕೂತರು. ಅವರು ಕೂತರು ಅಂದರೆ ಏನೋ ಇದೆ ಎಂದೇ ಅರ್ಥ. ಇಲ್ಲವಾದರೆ ನಿಂತೇ ಮಾತಾಡಿ ಹೋಗುವವರು.

‘ಸುಧೀಂದ್ರ ಸಾರ್ ಇನ್ಮೇಲೆ ಬರಲ್ವಂತೆ ಕಣಮ್ಮ. ಕಣ್ಣಿನ ಪೊರೆ ಆಪರೇಷನ್ನು. ಸಾಕಪ್ಪ ನಂಗೆ ಅಂದ್ಬುಟ್ರು.’

‘ಮತ್ತೆ ಅವರ ಜಾಗಕ್ಕೆ?’ ಶಾಂಭವಿಯ ದನಿ ಅವಳಿಗೇ ಹೊಸದಾಗಿ ಕೇಳಿಸಿತು.

ಗಣೇಶ್ ಪ್ರಸಾದರು ಕನ್ನಡಕ ಒರೆಸಿಕೊಂಡರು. ‘ನೋಡು, ನಂಗೆ ನಿನ್ ಮೇಲೆ ನಂಬ್ಕೆ ಇಲ್ಲ ಅಂತಲ್ಲ. ಆದ್ರೆ ಗಿರಾಕಿಗಳು ಕೇಳ್ತಾರೆ, ಯಾರಪ್ಪ ಒಪ್ಪಿದ್ದು ಅಂತ. ಐಟಿಐ ಅಂದ್ರೆ ಮುಖ ನೋಡ್ತಾರೆ. ಒಂದು ಕೆಲ್ಸ ಬಂದಿದೆ, ಶಿಡ್ಲಘಟ್ಟದ ನಲ್ಲಪ್ಪಾರದು. ರೇಷ್ಮೆ ನೂಲು ತೆಗೆಯೋ ಮಿಷನ್ನಿನ ಗಾಲಿ, ನೂರು ಬೇಕು. ಶುರುವಿಂದ ಕೊನೇ ತನಕ ನೀನೊಬ್ಳೇ ಮಾಡು. ಮೊದಲನೇ ಪೀಸು ಒಂದೇ ಏಟಿಗೆ ಕೂತ್ಕಂಡ್ರೆ ಆ ಮೂರನೇ ಮನೆ ನಿಂದೇ. ಕೂರ್ಲಿಲ್ಲ ಅಂದ್ರೆ ಬೆಂಗಳೂರಿಂದ ಒಬ್ಬ ಇಂಜಿನಿಯರ್‌ನ ನೋಡ್ತೀನಿ. ಬೇಜಾರ್ ಮಾಡ್ಕಬೇಡ.’

ಬೇಜಾರು ಎಲ್ಲಿಂದ ಬರಬೇಕು? ಹತ್ತೊಂಬತ್ತು ವರ್ಷ ಪಕ್ಕದಲ್ಲೇ ಇದ್ದೂ ಕೈಗೆ ಸಿಗದ ಮನೆ ಅದು. ಶಾಂಭವಿ ‘ಆಗ್ಲಿ ಸಾರ್’ ಎಂದಷ್ಟೇ ಹೇಳಿ, ಅವರು ಆಚೆ ಹೋದ ಮೇಲೆ ಒಬ್ಬಳೇ ನಕ್ಕಳು. ಆಮೇಲೆ ಭಯವಾಯಿತು. ಆಮೇಲೆ ಮತ್ತೆ ನಗು ಬಂತು.

ನಲ್ಲಪ್ಪನವರ ಮಿಷನ್ನು ಚೀನಾದ್ದು, ಸೆಕೆಂಡ್ ಹ್ಯಾಂಡು. ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ, ನಕ್ಷೆ ಗಿಕ್ಷೆ ಏನೂ ಇಲ್ಲ. ಬಿಸಿನೀರಿನಲ್ಲಿ ತೇಲುವ ರೇಷ್ಮೆಗೂಡಿನಿಂದ ಎಳೆ ಮೇಲೆದ್ದು ಬಂದು ರಾಟೆಗೆ ಸುತ್ತಿಕೊಳ್ಳುತ್ತದೆ; ಆ ರಾಟೆಯ ಅಂಚನ್ನು ಒತ್ತಿಕೊಂಡು ಅದನ್ನು ತಿರುಗಿಸುವುದು ಒಂದು ಪುಟ್ಟ ಗಾಲಿ. ಗಟ್ಟಿ ಪ್ಲಾಸ್ಟಿಕ್ಕಿನ ಆ ಗಾಲಿಗಳು ಹಳೆಯವಾಗಿ ಒಂದೊಂದೇ ಬಿರುಕು ಬಿಡುತ್ತಿದ್ದವು. ಮಿಷನ್ನು ನಿಲ್ಲಿಸುವಂತಿಲ್ಲವಾದ್ದರಿಂದ ನಲ್ಲಪ್ಪನವರು ಒಂದೇ ಒಂದು ಗಾಲಿ ಬಿಚ್ಚಿ, ಚಿಕ್ಕಬಳ್ಳಾಪುರದಲ್ಲಿ ತ್ರೀಡಿ ಸ್ಕ್ಯಾನಿಂಗ್ ಅಂಗಡಿ ಇಟ್ಟಿರುವ ಮೋಹನ್‌ಬಾಬು ಕೈಲಿ ಸ್ಕ್ಯಾನ್ ಮಾಡಿಸಿ, ಅದೇ ಸಂಜೆ ವಾಪಸ್ಸು ಹಾಕಿಸಿಬಿಟ್ಟಿದ್ದರು. ಶಾಂಭವಿಯ ಕೈಗೆ ಸಿಕ್ಕಿದ್ದು ಆ ಸ್ಕ್ಯಾನಿನ ಫೈಲು ಮಾತ್ರ.

ಫೈಲು ತೆರೆದಳು. ಪರದೆ ತುಂಬ ಗಾಲಿ. ಅಳತೆ ಹಿಡಿದು ನೋಡಿದರೆ ಒಂದು ಮೀಟರಿಗಿಂತ ದೊಡ್ಡದು! ಹಿಂದೆ ನಿಂತಿದ್ದ ಗಣೇಶ್ ಪ್ರಸಾದರು, ‘ಏನಮ್ಮಾ ಇದು, ಎತ್ತಿನಗಾಡಿ ಚಕ್ರ ಕಳ್ಸವ್ನಲ್ಲ!’ ಎಂದು ಗಾಬರಿಯಾದರು.

‘ಈ ಥರ ಫೈಲಲ್ಲಿ ಬರೀ ಸಂಖ್ಯೆ ಇರುತ್ತೆ ಸಾರ್, ಮಿಲಿಮೀಟರೋ ಇಂಚೋ ಅಂತ ಬರ್ದಿರಲ್ಲ. ನಮ್ ಕಂಪ್ಯೂಟರು ನಲವತ್ತೆರಡು ಇಂಚು ಅಂದ್ಕಂಡಿದೆ.’ ನಡುವೆ ಇರುವ ಕಡ್ಡಿಯ ತೂತು ಹನ್ನೆರಡು ಮಿಲಿಮೀಟರು ಅಂತ ನಲ್ಲಪ್ಪನವರಿಗೆ ಫೋನು ಮಾಡಿ ಮೊದಲೇ ಕೇಳಿಟ್ಟುಕೊಂಡಿದ್ದಳು. ಅದಕ್ಕೆ ತಾಳೆ ಹಾಕಿದಳು. ಎತ್ತಿನಗಾಡಿ ಚಕ್ರ ಇಳಿದು ಅಂಗೈಯಲ್ಲಿ ಹಿಡಿಸುವ ಗಾಲಿಯಾಯಿತು.

ಮುಂದಿನದು ಅವಳಿಗೆ ಇಷ್ಟದ ಕೆಲಸ. ಸ್ಕ್ಯಾನಿನಲ್ಲಿ ಗಾಲಿ ವಾರೆಯಾಗಿ, ಗಾಳಿಯಲ್ಲಿ ತೇಲಿಕೊಂಡಿತ್ತು. ಅದನ್ನು ಅಚ್ಚಿನ ನೇರಕ್ಕೆ ತಂದು ಕೂರಿಸಿದಳು, ಇಲ್ಲವಾದರೆ ಮುಂದೆ ಹಿಡಿಯುವ ಪ್ರತಿ ಅಳತೆಯೂ ವಾರೆಯೇ. ಸ್ಕ್ಯಾನ್ ಅಂದರೆ ಲಕ್ಷಾಂತರ ಪುಟಾಣಿ ತ್ರಿಕೋನಗಳನ್ನು ಹೊಲಿದ ಒಂದು ಸಿಪ್ಪೆ, ಅಷ್ಟೇ. ಆ ಸಿಪ್ಪೆಯನ್ನೇ ಲೇತಿಗೆ ಕೊಟ್ಟರೆ ಹಳೆಯ ಗಾಲಿಯ ಸವಕಲು, ಗೀರು, ವಯಸ್ಸು ಎಲ್ಲ ಹೊಸದರ ಮೈಗೂ ಬರುತ್ತದೆ. ಅದಕ್ಕೇ ಅವಳು ಸಿಪ್ಪೆಯನ್ನು ನೆರಳಿನಂತೆ ಹಿಂದಿಟ್ಟುಕೊಂಡು, ಅದರ ಮೇಲೆ ಹೊಸದಾಗಿ ಶುದ್ಧ ವೃತ್ತಗಳನ್ನು ಎಳೆಯುತ್ತಾಳೆ. ಸ್ಕ್ಯಾನು ಒಂದು ಕಡೆ ಹನ್ನೊಂದು ಪಾಯಿಂಟ್ ಒಂಬತ್ತು ನಾಲ್ಕು ಅನ್ನುತ್ತದೆ, ಇನ್ನೊಂದು ಕಡೆ ಹನ್ನೆರಡು ಪಾಯಿಂಟ್ ಸೊನ್ನೆ ಮೂರು ಅನ್ನುತ್ತದೆ; ಮಾಡಿದವನ ಮನಸ್ಸಿನಲ್ಲಿ ಇದ್ದದ್ದು ಹನ್ನೆರಡು. ಅದನ್ನು ಊಹಿಸುವುದರಲ್ಲೇ ಮಜಾ ಇರುವುದು.

ಗಾಲಿಯ ಪಕ್ಕದ ಮುಖದಲ್ಲಿ ಮೂರು ಸಣ್ಣ ದಿಬ್ಬಗಳಿದ್ದವು, ಕೂದಲೆಳೆಯಷ್ಟು ಎತ್ತರ, ಸಾಲಾಗಿ. ಶಾಂಭವಿ ದಿಟ್ಟಿಸಿ ನೋಡಿದಳು. ಗಾಜಿನಾಚೆ ತಮ್ಮದೇ ಲೇತಿನ ತಲೆಯ ಮೇಲೆ ವರ್ಷವರ್ಷ ಪದರಗಟ್ಟಿದ ಅರಿಶಿನ ಕುಂಕುಮ ಕಾಣುತ್ತಿತ್ತು. ಜೋರಾಗಿ ನಕ್ಕುಬಿಟ್ಟಳು. ಆಯುಧಪೂಜೆಯ ಬೊಟ್ಟನ್ನೂ ಸ್ಕ್ಯಾನರು ಬಿಟ್ಟಿರಲಿಲ್ಲ! ಇದು ಏನೆಂದು ಗೊತ್ತಾಯಿತಲ್ಲ, ಕೈಮುಗಿದು ಅಳಿಸಿದಳು.

ತೊಂದರೆ ಕೊಟ್ಟಿದ್ದು ಗಾಲಿಯ ಹೊರಮೈ. ಎರಡೂ ಅಂಚಿನಲ್ಲಿ ಅಳತೆ ಮೂವತ್ತೆಂಟು. ನಡುವೆ ಮಾತ್ರ ಬಾತುಕೊಂಡು ನಲವತ್ತೆರಡು. ಅದೂ ಒಂದೇ ಸಮ ಇಲ್ಲ, ಓರೆಯಾಗಿ ಸುತ್ತಿಕೊಂಡು ಹೋಗುವ ಏಣು. ಒಂದು ಜಾಗದಲ್ಲಂತೂ ಕಡಲೆಕಾಳಿನಷ್ಟು ಉಬ್ಬು. ಸವೆದರೆ ತಗ್ಗಾಗಬೇಕು, ಉಬ್ಬುವುದು ಹೇಗೆ? ಮೋಹನ್‌ಬಾಬುಗೆ ಫೋನು ಹಚ್ಚಿದಳು.

‘ಅಕ್ಕಾ, ನಾನು ಬಂದಿದ್ದನ್ನ ಬಂದಂಗೇ ಸ್ಕ್ಯಾನ್ ಮಾಡಿದೀನಿ. ಕಪ್ಪು ವಸ್ತು ಸರಿಯಾಗಿ ಬರಲ್ಲ ಅಂತ ಮೇಲೆ ಬಿಳೀ ಪೌಡ್ರು ಸ್ಪ್ರೇ ಹೊಡ್ದೆ. ಆಮೇಲೆ ಎಲ್ಲಾ ಒಂದೇ ಬಣ್ಣ, ಯಾವ್ದು ಏನು ಅಂತ ನಂಗೂ ಕಾಣ್ಲಿಲ್ಲ. ಉಬ್ಬಾ? ಸ್ಮೂತ್ ಅಂತ ಒಂದು ಬಟನ್ ಇದ್ಯಲ್ಲ ಅಕ್ಕಾ, ಒತ್ತಿಬಿಡಿ.’

ಗಣೇಶ್ ಪ್ರಸಾದರದೂ ಅದೇ ಮಾತು. ‘ಒತ್ತಮ್ಮ ಅದನ್ನ. ನಾಳೆ ಪೀಸು ತೆಗಿಯಣ.’

ಬಟನ್ನಿನ ಮೇಲೆ ಬಾಣದ ಗುರುತು ಹೋಗಿ ನಿಂತಿತು. ಒತ್ತಿದರೆ ಏಣೂ ಇಲ್ಲ, ಉಬ್ಬೂ ಇಲ್ಲ, ನುಣ್ಣಗಿನ ನಲವತ್ತೆರಡರ ಗಾಲಿ. ಅಥವಾ ಬಾತದ್ದನ್ನೆಲ್ಲ ಕಸ ಅಂತ ಕತ್ತರಿಸಿ ಎಸೆದರೆ ಮೂವತ್ತೆಂಟರ ಚೊಕ್ಕ ಗಾಲಿ. ಎರಡೂ ನೋಡುವುದಕ್ಕೆ ಲಕ್ಷಣವಾಗಿಯೇ ಇರುತ್ತವೆ. ಆದರೆ ಯಾವುದು ಸರಿ? ಗುಜರಿಗೆ ಹೋದ ನಲವತ್ತು ಪೀಸುಗಳು ಅವಳ ಕಣ್ಣಮುಂದೆ ಬಂದವು. ಬಟನ್ನಿನಿಂದ ಕೈ ತೆಗೆದಳು.

‘ಸಾರ್, ನಾನು ನಾಳೆ ಶಿಡ್ಲಘಟ್ಟಕ್ಕೆ ಹೋಗ್ಬರ್ತೀನಿ.’

‘ಒಂದು ಉಬ್ಬಿಗೋಸ್ಕರ ಶಿಡ್ಲಘಟ್ಟಕ್ಕಾ?’

‘ಒಂದು ತೂತಿಗೋಸ್ಕರ ಹೋಗ್ದೆ ಇದ್ದಿದ್ದು ಸಾಕು ಸಾರ್.’

ಗಣೇಶ್ ಪ್ರಸಾದರಿಗೂ ಆ ತೂತು ಮರೆತಿರಲಿಲ್ಲ.

ಮಾರನೆಯ ದಿನ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಹತ್ತೂವರೆಗೆಲ್ಲ ಶಿಡ್ಲಘಟ್ಟ ತಲುಪಿದಳು. ಚೀಲದಲ್ಲಿ ವರ್ನಿಯರ್ ಕ್ಯಾಲಿಪರು, ಟಿಫನ್ ಡಬ್ಬಿ, ಮತ್ತೆ ಗಾಲಿಯ ಎರಡು ಚಿತ್ರ. ಚಿತ್ರಗಳನ್ನು ನಿಜವಾದ ಅಳತೆಗೇ ಪ್ರಿಂಟು ಹಾಕಿಸಿದ್ದಳು. ಕಾಗದದ ಮೇಲೆ ಗಾಲಿ ಇಟ್ಟರೆ ಗೆರೆಗೆ ಗೆರೆ ಕೂರಬೇಕು. ನಲ್ಲಪ್ಪನವರ ಕಾರ್ಖಾನೆಯ ವಿಳಾಸ ಕೇಳುವ ಅಗತ್ಯವೇ ಬೀಳಲಿಲ್ಲ, ಬೆಂದ ಗೂಡಿನ ವಾಸನೆ ದಾರಿ ತೋರಿಸಿತು. ಒಳಗೆ ಹಬೆಯೋ ಹಬೆ. ಉದ್ದಕ್ಕೆ ನೀರಿನ ತೊಟ್ಟಿಗಳು, ತೊಟ್ಟಿಯ ಮುಂದೆ ಸಾಲಾಗಿ ಹೆಂಗಸರು, ಅವರ ತಲೆಯ ಮೇಲೆ ಗಿರಗಿರ ತಿರುಗುವ ರಾಟೆಗಳು. ರೇಷ್ಮೆಯ ಎಳೆ ಎಷ್ಟು ಸಣ್ಣದೆಂದರೆ, ಬೆಳಕು ಬಿದ್ದ ಕಡೆ ಮಾತ್ರ ಇದೆ ಎಂದು ಗೊತ್ತಾಗುತ್ತಿತ್ತು.

ನಲ್ಲಪ್ಪನವರು ಟೀ ತರಿಸಿದರು. ‘ನಂಗೆ ಗಾಲಿ ವಿಚಾರ ಏನ್ ಗೊತ್ತಮ್ಮ, ಗೂಡು ತರೋದು ನೂಲು ಮಾರೋದು ನನ್ ಕೆಲ್ಸ. ಮಿಷನ್ನಿನ ಸಂಗ್ತಿ ಕೇಳ್ಬೇಕಂದ್ರೆ ಅಕ್ಕಯ್ಯಮ್ಮನ್ನ ಕೇಳು’ ಎಂದು ಮೂರನೇ ಸಾಲಿನ ಕಡೆ ಕೈ ತೋರಿಸಿದರು.

ಅಕ್ಕಯ್ಯಮ್ಮನಿಗೆ ಅರವತ್ತರ ಹತ್ತಿರ ವಯಸ್ಸು. ಅಂಬಾಜಿದುರ್ಗದ ಕಡೆಯವರು, ಮಾತಿನ ನಡುವೆ ತೆಲುಗು ನುಸುಳುತ್ತದೆ; ಇಪ್ಪತ್ತಾರು ವರ್ಷದಿಂದ ಇದೇ ತೊಟ್ಟಿಯ ಮುಂದೆ. ಬಿಸಿನೀರಿಗೆ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಮಾತಾಡುವಾಗಲೂ ಕೈ ನಿಲ್ಲಿಸುವವರಲ್ಲ; ಎಳೆ ಹರಿದ ಕಡೆ ಹೊಸ ಗೂಡಿನ ಎಳೆ ಚಿಮ್ಮಿ ಕೂಡಿಸುತ್ತಲೇ ಇರುತ್ತಿದ್ದರು. ಶಾಂಭವಿ ಹತ್ತಿರ ಹೋಗಿ ಚಿತ್ರ ಬಿಡಿಸಿ ಹಿಡಿದಳು.

‘ಅಮ್ಮಾ, ಈ ಗಾಲಿ ನಡುವೆ ಹಿಂಗೆ ಬಾತ್ಕೊಂಡಿದೆ ನೋಡಿ. ಇಲ್ಲೊಂದು ಉಬ್ಬಿದೆ. ಇದೇನು ಅಂತ ನಂಗೆ ಗೊತ್ತಾಗ್ತಿಲ್ಲ.’

ಅಕ್ಕಯ್ಯಮ್ಮ ಕಣ್ಣು ಕಿರಿದು ಮಾಡಿ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲವೋ ಏನೋ, ಕೈ ನಿಂತಿತು. ‘ಅಯ್ಯೋ ನಾ ತಲ್ಲಿ! ಇದು ನನ್ ಗಂಟು ಕಣೇ!’ ಎಂದು ಕೂಗಿ, ಪಕ್ಕದ ಸಾಲಿನವರಿಗೆ ಕೇಳುವಂತೆ, ‘ಅನಸೂಯಮ್ಮಾ, ಬಾರೇ ಇಲ್ಲಿ! ನನ್ ಗಂಟಿನ ಫೋಟೋ ತಗ್ಸವ್ರೆ ನೋಡೇ!’ ಅಂದರು.

ಎರಡು ನಿಮಿಷದಲ್ಲಿ ಆ ಕಾಗದದ ಸುತ್ತ ಹೆಂಗಸರ ಗುಂಪು. ಎಲ್ಲರಿಗೂ ನಗುವೋ ನಗು. ಶಾಂಭವಿಗೆ ತಲೆಬುಡ ತಿಳಿಯಲಿಲ್ಲ. ಅನಸೂಯಮ್ಮನೇ ಬಿಡಿಸಿ ಹೇಳಿದಳು. ಆ ಪ್ಲಾಸ್ಟಿಕ್ ಗಾಲಿಗಳು ನೀರು ಬಿದ್ದರೆ ಜಾರುತ್ತವೆ. ಗಾಲಿ ಜಾರಿದರೆ ರಾಟೆ ನಿಂತು ನಿಂತು ತಿರುಗುತ್ತದೆ, ಎಳೆ ಪಟಪಟ ಹರಿಯುತ್ತದೆ. ಮಿಷನ್ನು ಬಂದ ವರ್ಷವೇ ಅಕ್ಕಯ್ಯಮ್ಮ ಹಳೇ ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಗಾಲಿಯ ನಡುವಿಗೆ ಓರೆಯಾಗಿ ಸುತ್ತಿ, ಒರಟು ನೂಲಿನಲ್ಲಿ ಗಂಟು ಹಾಕಿದರು. ಜಾರುವುದು ನಿಂತಿತು. ನೋಡಿದವರೆಲ್ಲ ತಮ್ಮ ತಮ್ಮ ಗಾಲಿಗೂ ಸುತ್ತಿಕೊಂಡರು. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಹಳೇ ಪಟ್ಟಿ ಬಿಚ್ಚಿ ಹೊಸದು ಸುತ್ತುವುದು ಇಲ್ಲಿಯ ಪದ್ಧತಿಯೇ ಆಗಿಹೋಯಿತು. ಗಂಟು ಒಬ್ಬೊಬ್ಬರದು ಒಂದೊಂದು ಥರ. ಗಂಟು ನೋಡಿ ಇದು ಯಾರ ಗಾಲಿ ಅಂತ ಹೇಳಬಹುದು. ಗೂಡಿನ ಅಂಟು, ಹಬೆ, ಮಸಿ ಹತ್ತಿ ಟ್ಯೂಬು ಪ್ಲಾಸ್ಟಿಕ್ಕು ಎರಡೂ ಒಂದೇ ಕಪ್ಪಾಗಿದ್ದವು. ಅದರ ಮೇಲೆ ಮೋಹನ್‌ಬಾಬುವಿನ ಬಿಳಿ ಪೌಡರು.

‘ಪಟ್ಟಿ ಸುತ್ತಿದ ಮೇಲೆ ಗಾಲಿ ದಪ್ಪ ಆಯ್ತಲ್ಲ, ರಾಟೆಗೆ ತಗುಲಲ್ವಾ?’ ಎಂದು ಶಾಂಭವಿ ಕೇಳಿದಳು.

‘ತಗುಲ್ತು! ಮೆಕ್ಯಾನಿಕ್ ಕೈಲಿ ಎಲ್ಲಾ ಬ್ರಾಕೆಟ್ಟೂ ಒಸಿ ಹಿಂದಕ್ಕೆ ಜರುಗಿಸ್ದೆ. ನಲ್ಲಪ್ಪಂಗೆ ಇವತ್ತಿಗೂ ಗೊತ್ತಿಲ್ಲ’ ಎಂದು ಅಕ್ಕಯ್ಯಮ್ಮ ದನಿ ತಗ್ಗಿಸಿದರು. ತಗ್ಗಿಸಿದ ದನಿಯೇ ಬಾಗಿಲ ತನಕ ಕೇಳಿತು. ನಲ್ಲಪ್ಪನವರು ಟೀ ಲೋಟ ಹಿಡಿದುಕೊಂಡೇ ಬಾಯಿ ಬಿಟ್ಟು ನಿಂತಿದ್ದರು.

ಶಾಂಭವಿ ತೊಟ್ಟಿಯ ಕಟ್ಟೆಗೆ ಆತು ಕೂತುಕೊಂಡಳು. ಉಬ್ಬನ್ನು ಕಸ ಅಂತ ಎಸೆದು ಮೂವತ್ತೆಂಟಕ್ಕೆ ಮಾಡಿದ್ದರೆ ಹೊಸ ಗಾಲಿ ರಾಟೆಯನ್ನು ಮುಟ್ಟುತ್ತಲೇ ಇರಲಿಲ್ಲ. ಸ್ಮೂತ್ ಬಟನ್ ಒತ್ತಿ ನಲವತ್ತೆರಡಕ್ಕೆ ಬರೀ ನೈಲಾನಿನಲ್ಲಿ ಮಾಡಿದ್ದರೆ ಮುಟ್ಟುತ್ತಿತ್ತು, ಆದರೆ ನೀರು ಬಿದ್ದ ಕೂಡಲೇ ಜಾರುತ್ತಿತ್ತು. ಎರಡು ದಾರಿಯಲ್ಲಿ ಯಾವುದು ಹಿಡಿದಿದ್ದರೂ ಮೂರನೇ ಮನೆ ಬೆಂಗಳೂರಿನವರ ಪಾಲಾಗುತ್ತಿತ್ತು. ಎಷ್ಟು ಖುಷಿಯಾಯಿತೆಂದರೆ, ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಅಲ್ಲಿದ್ದವರಿಗೆಲ್ಲ ಒಂದೊಂದು ತುತ್ತು ಹಂಚಿ ತಾನು ಅವರ ಮುದ್ದೆ ತಿಂದಳು.

ಊಟ ಮಾಡುತ್ತಲೇ ಹೊಸ ಗಾಲಿ ಹೇಗಿರಬೇಕೆಂದು ಕಾಗದದ ಹಿಂಬದಿಯಲ್ಲಿ ಗೀಚಿದಳು. ಗಾಲಿ ನೈಲಾನಿನದು, ನಡುವೆ ಸುತ್ತಲೂ ಒಂದು ಕಾಲುವೆ. ಕಾಲುವೆಯಲ್ಲಿ ಒಂದು ರಬ್ಬರ್ ರಿಂಗು, ಔಷಧಿ ಹೊಡೆಯುವ ಪಂಪಿಗೆ ಹಾಕುತ್ತಾರಲ್ಲ, ಅಂಥದ್ದು. ಚಿಂತಾಮಣಿಯ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ರಿಂಗು ಕೂತ ಮೇಲೆ ಹೊರಗಿನ ಅಳತೆ ಸರಿಯಾಗಿ ನಲವತ್ತೆರಡು.

ಅಕ್ಕಯ್ಯಮ್ಮ ಮುದ್ದೆ ಮುರಿಯುತ್ತಾ ಚಿತ್ರ ನೋಡಿದರು. ‘ಗಂಟಿರಲ್ವಾ?’

‘ಇರಲ್ಲಮ್ಮ.’

‘ಬದುಕ್ದೆ. ಆ ಗಂಟಿಗೆ ದಿನಕ್ಕೊಂದ್ಸಲ ಎಳೆ ಸಿಗಾಕ್ಕಂಡು, ನನ್ನನ್ನ ನಾನೇ ಬಯ್ಕಂತೀನಿ.’ ತುತ್ತು ನುಂಗಿ ಮತ್ತೆ ಕೇಳಿದರು, ‘ಈ ರಿಂಗು ಸವೆದ್ರೆ ತೆಗೆಯೋದೆಂಗೆ?’

‘ಸ್ಕ್ರೂಡ್ರೈವರ್ ತುದಿ ಹಾಕಿ ಎಬ್ಬಿಸ್ಬೇಕು.’

‘ಆಗಲ್ಲಮ್ಮಾಯಿ’ ಎಂದು ಅಕ್ಕಯ್ಯಮ್ಮ ಖಂಡಿತವಾಗಿ ತಲೆಯಾಡಿಸಿದರು. ‘ನಮ್ ಕೈ ಸದಾ ಒದ್ದೆ. ಸ್ಕ್ರೂಡ್ರೈವರ್ ಹುಡುಕ್ತಾ ಕೂತ್ರೆ ಇತ್ಲಾಗೆ ಹತ್ತು ಗೂಡು ಹಾಳು. ಒದ್ದೆ ಬೆರಳಲ್ಲೇ ಬರ್ಬೇಕು, ಒದ್ದೆ ಬೆರಳಲ್ಲೇ ಕೂರ್ಬೇಕು. ಹಂಗ್ ಮಾಡ್ಕಂಡು ಬಾ.’

ಸುಧೀಂದ್ರ ಅವರು ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವಾದರೂ ಇಂಥ ಪ್ರಶ್ನೆ ಕೇಳಿದ್ದುಂಟೇ? ಶಾಂಭವಿ ನಾಲ್ಕು ಗಾಲಿ ಬಿಚ್ಚಿಸಿ, ಪಟ್ಟಿ ಕಳಚಿ, ಕ್ಯಾಲಿಪರಿನಲ್ಲಿ ಅಳೆದು ಬರೆದುಕೊಂಡಳು. ಅಕ್ಕಯ್ಯಮ್ಮನ ಹೆಬ್ಬೆರಳಿನ ಅಗಲವನ್ನೂ ಅಳೆದುಕೊಂಡಳು. ಕ್ಯಾಲಿಪರು ತಣ್ಣಗೆ ತಗುಲಿ ಅಕ್ಕಯ್ಯಮ್ಮ ಕಿಸಕ್ಕನೆ ನಕ್ಕರು.

ಗೌರಿಬಿದನೂರಿಗೆ ಬಂದು ಎರಡು ದಿನ ಕೂತಳು. ಕಾಲುವೆಯ ಒಂದು ಕಡೆಯ ಗೋಡೆಯನ್ನು ಒಂದು ಹೆಬ್ಬೆರಳಗಲ ಇಳಿಜಾರು ಮಾಡಿದಳು, ಅಲ್ಲಿ ಬೆರಳಿಟ್ಟು ತಳ್ಳಿದರೆ ರಿಂಗು ತಾನೇ ಎದ್ದು ಬರುವ ಹಾಗೆ. ಹೊಸ ಗಾಲಿಯನ್ನು ಸ್ಕ್ಯಾನಿನ ನೆರಳಿನ ಮೇಲಿಟ್ಟು ಎಲ್ಲೆಲ್ಲಿ ಬೇರೆ ಇದೆ ಅಂತ ಮತ್ತೊಮ್ಮೆ ನೋಡಿದಳು. ಬೇರೆ ಇದ್ದ ಪ್ರತಿಯೊಂದು ಜಾಗಕ್ಕೂ ಅವಳ ಹತ್ತಿರ ಕಾರಣವಿತ್ತು. ಬೀಗ ಹಾಕಿದ ಮೂಲ ಫೈಲಿನಲ್ಲಿ ಅಕ್ಕಯ್ಯಮ್ಮನ ಗಂಟು ಇದ್ದ ಹಾಗೇ ಇತ್ತು.

ಶುಕ್ರವಾರ ಮೊದಲ ಪೀಸು ಲೇತಿನಿಂದ ಇಳಿಯಿತು. ಗಣೇಶ್ ಪ್ರಸಾದರು ತಾವೇ ಕಾರು ತೆಗೆದರು. ದಾರಿಯುದ್ದಕ್ಕೂ ಇಬ್ಬರೂ ಹವಾಮಾನ, ದ್ರಾಕ್ಷಿ, ರಸ್ತೆಯ ಹಳ್ಳ ಎಲ್ಲದರ ವಿಚಾರ ಮಾತಾಡಿದರು. ಗಾಲಿಯ ವಿಚಾರ ಮಾತ್ರ ಎತ್ತಲಿಲ್ಲ. ಶಾಂಭವಿ ಗಾಲಿಯನ್ನು ಕರ್ಚೀಫಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಪಕ್ಕದಲ್ಲಿ ಕೊಳವೆಯಂತೆ ಸುತ್ತಿದ ನಕ್ಷೆ, ಅದರ ಮೂಲೆಯಲ್ಲಿ ಒಂದು ಸಹಿ, ಎರಡು ಖಾಲಿ ಮನೆ.

ಮೂರನೇ ಸಾಲಿನ ಎಂಟನೇ ಗಾಲಿ, ಅಕ್ಕಯ್ಯಮ್ಮನದು. ಹಳೆಯದನ್ನು ಬಿಚ್ಚಿ ಹೊಸದನ್ನು ಕಡ್ಡಿಗೆ ಏರಿಸಿದರು. ಕ್ಲಿಕ್ ಅಂತ ಸದ್ದು ಕೂಡ ಇಲ್ಲದೆ ಕೂತಿತು. ರಾಟೆ ತಿರುಗಿತು. ಅಕ್ಕಯ್ಯಮ್ಮ ಎಳೆ ಹಿಡಿಸಿದರು, ಎಳೆ ಓಡಿತು. ಗಣೇಶ್ ಪ್ರಸಾದರು ಉಸಿರು ಬಿಡುವ ಹೊತ್ತಿಗೆ ಅಕ್ಕಯ್ಯಮ್ಮ ಒಂದು ಚೊಂಬು ನೀರೆತ್ತಿ ಗಾಲಿಯ ಮೇಲೆ ದಬದಬ ಸುರಿದರು. ಗಾಲಿಯ ಮೇಲಷ್ಟೇ ಅಲ್ಲ, ಗಣೇಶ್ ಪ್ರಸಾದರ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೂ ಬಿತ್ತು. ಯಾರೂ ಪ್ಯಾಂಟು ನೋಡಲಿಲ್ಲ. ರಾಟೆ ನಿಲ್ಲಲಿಲ್ಲ, ಎಳೆ ಹರಿಯಲಿಲ್ಲ.

‘ಇರು ಇರು’ ಎಂದು ಅಕ್ಕಯ್ಯಮ್ಮ ರಾಟೆ ನಿಲ್ಲಿಸಿದರು. ತೊಟ್ಟಿಯಲ್ಲಿ ಕೈ ಅದ್ದಿ, ತೊಟತೊಟ ನೀರಿಳಿಯುವ ಹೆಬ್ಬೆರಳನ್ನು ಇಳಿಜಾರಿಗಿಟ್ಟು ತಳ್ಳಿದರು. ರಿಂಗು ಪುಟಕ್ಕನೆ ಎದ್ದು ಅವರ ಬೆರಳಿಗೆ ಬಳೆಯಂತೆ ಸಿಕ್ಕಿಕೊಂಡಿತು. ಮತ್ತೆ ಹಾಕಿದರು, ಮತ್ತೆ ತೆಗೆದರು. ಮೂರನೇ ಸಲ ಅನಸೂಯಮ್ಮನಿಗೆ ಬಿಟ್ಟುಕೊಟ್ಟರು. ಆಮೇಲೆ ಎಲ್ಲರಿಗೂ ಬೇಕಾಯಿತು. ‘ನಮ್ಗೆ ಯಾವಾಗ, ನಮ್ಗೆ ಯಾವಾಗ’ ಎಂದು ಸಾಲು ಸಾಲೇ ಕೇಳತೊಡಗಿತು.

ಗಣೇಶ್ ಪ್ರಸಾದರು ಒದ್ದೆ ಪ್ಯಾಂಟಿನಲ್ಲೇ ಜೇಬಿನಿಂದ ಪೆನ್ನು ತೆಗೆದು ಶಾಂಭವಿಯ ಮುಂದೆ ಹಿಡಿದರು. ‘ತಗೋಮ್ಮ. ನಿನ್ ಮನೆ.’

ಗೂಡಿನ ಚೀಲಗಳ ಮೇಲೆ ಒಂದು ಹಲಗೆ ಹಾಕಿ ನಕ್ಷೆ ಹರಡಿದಳು. ಮೂರನೇ ಮನೆಯಲ್ಲಿ ಸಹಿ ಮಾಡಿದಳು. ಕಣ್ಣು ಮಂಜಾಗಿತ್ತು, ಅದು ಹಬೆಗೆ ಎಂದು ಅವಳು ಈಗಲೂ ಹೇಳುತ್ತಾಳೆ. ನಡುವಿನ ಮನೆ ಖಾಲಿ ಉಳಿಯಿತು. ಅದಕ್ಕೂ ನೀನೇ ಹಾಕಿಬಿಡು ಎನ್ನುವಂತೆ ಗಣೇಶ್ ಪ್ರಸಾದರು ತಲೆಯಾಡಿಸಿದರು. ಶಾಂಭವಿ ಹಾಕಲಿಲ್ಲ. ನಕ್ಷೆಯನ್ನು ಅಕ್ಕಯ್ಯಮ್ಮನ ಕಡೆ ತಿರುಗಿಸಿದಳು.

‘ಇಲ್ಲಿ ಸೈನ್ ಹಾಕಿ ಅಮ್ಮಾ. ಸರಿ ಇದ್ಯಾ ಅಂತ ನೋಡ್ದೋರು ಹಾಕೋ ಜಾಗ ಇದು.’

‘ನಾನಾ?’ ಅಕ್ಕಯ್ಯಮ್ಮ ಸುತ್ತ ನೋಡಿದರು. ‘ನಾನೇನ್ ಓದಿದೀನಿ ಅಂತ?’

‘ಈ ಗಾಲೀನ ನಿಮ್ಗಿಂತ ಚೆನ್ನಾಗಿ ನೋಡ್ದೋರು ಇನ್ಯಾರಿದ್ದಾರೆ ಹೇಳಿ.’

ಗಣೇಶ್ ಪ್ರಸಾದರು ಏನೋ ಹೇಳಲು ಬಾಯಿ ತೆರೆದರು. ಗಿರಾಕಿಗಳು, ಇಂಜಿನಿಯರು, ಏನೋ ಒಂದು. ಆಮೇಲೆ ತಮ್ಮ ಪ್ಯಾಂಟನ್ನೊಮ್ಮೆ ನೋಡಿಕೊಂಡು, ‘ಪೆನ್ನು ಒಸಿ ಒತ್ತಿ ಹಿಡೀರಮ್ಮ, ಇಂಕು ಬರಲ್ಲ ಅದು’ ಎಂದರು.

ಅಕ್ಕಯ್ಯಮ್ಮ ಸೆರಗಿಗೆ ಕೈ ಒರೆಸಿಕೊಂಡರು. ಎಡಗೈಯಲ್ಲಿ ಕಾಗದ ಒತ್ತಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಮನೆ ಸಾಲದೆ ಕೊನೆಯ ಅಕ್ಷರ ಶಾಂಭವಿಯ ಮನೆಯೊಳಕ್ಕೆ ಕಾಲಿಟ್ಟಿತು. ಒರೆಸಿದ್ದರೂ ಆರದ ಎಡಗೈ ಹೆಬ್ಬೆರಳು ಸಹಿಯ ಪಕ್ಕದಲ್ಲಿ ದುಂಡಗೆ ಒಂದು ನೀರಿನ ಗುರುತು ಬಿಟ್ಟಿತು.

ಸೋಮವಾರ ಆ ನಕ್ಷೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರು. ನೂರು ಗಾಲಿಗೂ ಅದೇ ಆಧಾರ. ಗಣೇಶ್ ಪ್ರಸಾದರು ಹಿಂದೆ ನಿಂತು ಪರದೆ ನೋಡುತ್ತಿದ್ದವರು, ‘ಅಲ್ನೋಡಮ್ಮ, ಸೈನ್ ಪಕ್ಕ ಏನೋ ಕಲೆ ಬಂದಿದೆ. ಅಳಿಸ್ಬಿಡು’ ಎಂದರು.

‘ಕಲೆ ಅಲ್ಲ ಸಾರ್. ಅದೇನು ಅಂತ ನಂಗೊತ್ತು’ ಎಂದು ಶಾಂಭವಿ ಫೈಲಿಗೆ ಬೀಗ ಹಾಕಿದಳು.